ಗುಜರಿಯವರೇ ನೂಕಿದ ಫಿಯಟ್

ಗೆಳೆಯರೇ, ನಮ್ಮ ಫಿಯಟ್ ಇವತ್ತು ಓಡಿತು! ಅಜ್ಜ ತೀರಿಕೊಂಡಾಗಿನಿಂದ ಬೇವಿನ ಮರದ ಕೆಳಗೆ ನಿಂತಿದ್ದ ಕಾರು ಅದು. ಬೆಳಿಗ್ಗೆ ಅವ್ವ ಗುಜರಿಯವರನ್ನು ಕರೆಸಿಬಿಟ್ಟಿದ್ದಳು. "ಇವರ ಎದುರಿಗೆ ಚಾಲೂ ಆದ್ರ ಇರ್ಲಿ, ಇಲ್ಲಂದ್ರ ಒಯ್ಲಿ" ಅಂದಳು.

ವಾರವಿಡೀ ಎಂಜಿನ್ ಬಿಚ್ಚಿ ಜೋಡಿಸಿದ್ದ ಗೆಳೆಯ ಮಹೆಬೂಬ ನನ್ನನ್ನು ಸ್ಟೇರಿಂಗ್ ಮುಂದೆ ಕೂರಿಸಿದ. ಅವನೂ ಇನ್ನೊಬ್ಬ ಗೆಳೆಯ ಶರಣುವೂ ಹಿಂದಿನಿಂದ ನೂಕಿದರು. ಕಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ಬಿಡ್ರಲೇ, ನಿಮಗ ನೂಕಾಕೂ ಬರಂಗಿಲ್ಲ!" ಎನ್ನುತ್ತ ಗುಜರಿಯವರೇ ಅಂಗಿಯ ತೋಳು ಮಡಚಿ ಕೈ ಹಚ್ಚಿದರು. ನಾನು ಕ್ಲಚ್ ಬಿಟ್ಟೆ. ಗುರ್ರ್ ಎಂದು ಎದ್ದ ಕಾರು ರಂಗಂಪೇಟೆಯ ಇಳಿಜಾರಿನಲ್ಲಿ ಹೊರಟೇಬಿಟ್ಟಿತು!

ಎದುರಿಗೆ ನಾಲ್ಕು ಎಮ್ಮೆಗಳು. ಹಾರ್ನ್ ಒತ್ತಿದೆ, ಸದ್ದೇ ಇಲ್ಲ. ನಿಲ್ಲಿಸಿದರೆ ಎಂಜಿನ್ ಆರಿಬಿಡುತ್ತದೆ, ಕಾರು ಗುಜರಿಗೆ ಹೋಗುತ್ತದೆ. ನನ್ನ ದನಿಯನ್ನು ನಮ್ಮ ಓಣಿಯವರೇ ಸರಿಯಾಗಿ ಕೇಳಿಲ್ಲ. ಅಂಥ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸರೀರಿ! ಸ್ವಲ್ಪ ಸರೀರೀ!" ಎಂದು ಕೂಗಿದೆ.

ಹಿಂದೆ ಓಡಿ ಬರುತ್ತಿದ್ದ ಮಹೆಬೂಬ, "ಲೇ, ಎಮ್ಮಿಗೂ ರೀ ಅಂತೀಯೇನೋ!" ಎಂದು ಬಿದ್ದು ಬಿದ್ದು ನಕ್ಕ.

ಎಮ್ಮೆಗಳು ಸರಿದವು. ಕಾರು ಉಳಿಯಿತು. ಗುಜರಿಯವರು ಖಾಲಿ ಗಾಡಿಯಲ್ಲಿ ನಗುತ್ತ ಹೋದರು.

ಹೊಸ ಹಾರ್ನ್ ಸದ್ಯಕ್ಕೆ ಬೇಡ. ಇಷ್ಟು ಮರ್ಯಾದೆ ಕೊಟ್ಟು ಕೂಗುವ ಹಾರ್ನ್ ಅಂಗಡಿಯಲ್ಲಿ ಎಲ್ಲಿ ಸಿಗುತ್ತದೆ?