ಕೊಂಡಿ ಕತ್ತರಿಸಿದ ಹಡಗು ಮತ್ತು ಮೋರಖಂಡಿಯ ಮನೆ

ಹುಮನಾಬಾದ್ ನಿಲ್ದಾಣದಲ್ಲಿ ರೈಲು ಇಳಿದಾಗ ಬೆಳಿಗ್ಗೆ ಒಂಬತ್ತೂಕಾಲು. ಕಡಲ ತೀರದಿಂದ ಕಲಬುರಗಿಗೆ ಬಸ್ಸು, ಅಲ್ಲಿಂದ ಈ ರೈಲು. ಕಾರ್ತಿಕದ ಬಿಸಿಲು ಇನ್ನೂ ಎಳೆಯದಾಗಿತ್ತು. ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ, ಜೊತೆಗೆ ದಿನಪತ್ರಿಕೆಯಲ್ಲಿ ಸುತ್ತಿದ ಒಂದು ಕಬ್ಬಿಣದ ಕೊಂಡಿ. ಅಂಗೈಯಗಲ, ಹೆಚ್ಚೂಕಡಿಮೆ ಮುಕ್ಕಾಲು ಕಿಲೋ ತೂಕ. ನಾನು ಹೊರಟಿದ್ದೇ ಅದನ್ನು ತಲುಪಿಸುವುದಕ್ಕೆ.

ಬಸ್ ನಿಲ್ದಾಣದ ಎದುರು ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದು ಬಸವಕಲ್ಯಾಣದ ಬಸ್ಸು ಹತ್ತಿದೆ. ಸುಮಾರು ಮೂವತ್ತು ಕಿಲೋಮೀಟರ್ ದಾರಿ. ಇಕ್ಕೆಲದಲ್ಲೂ ತೊಗರಿ ಹಳದಿ ಹೂವಾಗಿ ನಿಂತಿತ್ತು. ಪಕ್ಕದಲ್ಲಿ ಕುಳಿತವರು ರಾಜೇಶ್ವರದ ಕಿರಾಣಿ ಅಂಗಡಿಯವರು. ಎಲ್ಲಿಂದ ಬಂದಿರಿ, ಏನು ಕೆಲಸ ಎಂದು ವಿಚಾರಿಸಿದರು. ಯುದ್ಧದ ಹಡಗು ಕಟ್ಟುವ ಕಡೆ ಮೈ ಪರೀಕ್ಷಕ ಎಂದೆ.

“ಹಡಗಿನ ಮೈ ಏನ್ ಪರೀಕ್ಷಾ ಮಾಡ್ತೀರ್ರಿ? ಜ್ವರ ಬರ್ತಾವೇನು?”

ನಾನು ವಿವರಿಸಿದೆ. ಶತ್ರುವಿನ ರಾಡಾರಿನ ಅಲೆ ಹಡಗಿಗೆ ಬಡಿದು ಹಿಂದಿರುಗಿದರೆ ಹಡಗು ಪತ್ತೆಯಾಗುತ್ತದೆ. ಆದ್ದರಿಂದ ಈಗಿನ ಕೆಲವು ಹಡಗುಗಳ ಬದಿಯನ್ನು ನೆಟ್ಟಗೆ ನಿಲ್ಲಿಸುವುದಿಲ್ಲ, ಮೇಲೆ ಹೋದಂತೆ ಒಳಗೆ ವಾಲಿಸುತ್ತಾರೆ. ಬಂದ ಅಲೆ ಆಕಾಶದ ಕಡೆ ಜಾರಿ ಹೋಗುತ್ತದೆ. ಮೂತಿಯೂ ಮುಂದೆ ಚಾಚಿರುವುದಿಲ್ಲ, ಹಿಂದಕ್ಕೆ ಬಾಗಿರುತ್ತದೆ. ದೋಣಿ, ಲಂಗರು ಎಲ್ಲವೂ ಮುಚ್ಚಳದ ಹಿಂದೆ. ಅಂಚಿನ ಕಂಬಿಗಳನ್ನೂ ಮಡಚಿಡುತ್ತಾರೆ. ಮೈಮೇಲೆ ಒಂದು ಗುಬುಟೂ ಉಳಿಯಬಾರದು. ಅದನ್ನು ನೋಡುವುದು ನನ್ನ ಕೆಲಸ.

“ಅಂದ್ರ ಎದುರಿಗಿ ಇದ್ರೂ ಕಾಣಂಗಿಲ್ಲ?”

“ಕಣ್ಣಿಗೆ ಕಾಣುತ್ತದೆ. ರಾಡಾರಿಗೆ ಮೀನುದೋಣಿಯಷ್ಟು ಕಾಣುತ್ತದೆ.”

“ನಮ್ಮ ಬಸ್ಸೂ ಅದೇ ನಮೂನಿ ತಗೋರಿ. ಟೈಮಿಗಿ ಕಾಣಂಗೇ ಇಲ್ಲ,” ಎಂದು ಅವರು ಗಟ್ಟಿಯಾಗಿ ನಕ್ಕರು. ನಾನೂ ನಕ್ಕೆ. ರಾಜೇಶ್ವರದಲ್ಲಿ ಅವರು ಇಳಿದ ಮೇಲೆ, ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಬಸವಕಲ್ಯಾಣದಲ್ಲಿ ಆಟೊ ಹಿಡಿದು ಮೋರಖಂಡಿಗೆ ಹೋದೆ. ಮಿಲಿಂದನ ಮನೆ ಕೇಳಿದ ಕೂಡಲೇ ತೋರಿಸಿದರು. ಮಿಲಿಂದ ನಮ್ಮಲ್ಲಿ ಬಣ್ಣದ ಕೆಲಸಕ್ಕಿದ್ದ. ಎರಡು ವರ್ಷದ ಹಿಂದೆ ಹಡಗಿನ ಬದಿಯಿಂದ ಬಿದ್ದು ತೀರಿಕೊಂಡ. ಬಾಗಿಲಲ್ಲಿ ನಿಂತಿದ್ದವರು ಅವನ ಅಣ್ಣ ಸುಭಾಷ್. ಮಿಲಿಂದನ ಜೊತೆ ಕೆಲಸದಲ್ಲಿದ್ದವನು ಎಂದೆ. ಒಳಗಿನ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮಿಲಿಂದನದು, ಪಕ್ಕದಲ್ಲಿ ಒಬ್ಬ ಮುದುಕಿಯದು.

“ಜೈಭೀಮ್. ಬರ್ರಿ ಸಾಹೇಬ್ರ, ಕುಂದರ್ರಿ. ತಮ್ಮನ ಕಡಿಯವರು ಅಂದ್ರ ನಮ್ಮವರೇ.”

ಅವರ ಹೆಂಡತಿ ಚಹಾ ತಂದಿಟ್ಟರು. ನಾನು ಬಂದ ವಿಷಯ ಎತ್ತುವ ಮೊದಲೇ ಸುಭಾಷ್ ಮಾತಾಡಿದರು. ಸುತ್ತಲಿನ ಹಳ್ಳಿಗಳಲ್ಲಿ ಬಾವಿಗೆ ಇಳಿದು ಹೂಳು ತೆಗೆಯುವುದು ಅವರ ಕೆಲಸವಾಗಿತ್ತು. ಮಿಲಿಂದ ಅದನ್ನು ಅವರಿಂದಲೇ ಕಲಿತಿದ್ದ.

“ಹಗ್ಗ ಕಟ್ಟಬೇಕು, ಮೂರ್ ಸಲ ಜಗ್ಗಿ ನೋಡಬೇಕು, ಆಮ್ಯಾಲ ಕಾಲ್ ಇಡಬೇಕು. ಒಂದಿನಾನೂ ತಪ್ಪಿಸಿದಾವಲ್ರಿ ಅವ. ನಿಮ್ಮ ಕಡಿಂದ ಬಂದ ಕಾಗದದಾಗ ನೋಡಿದ್ರ, ಹಗ್ಗ ಕಟ್ಟಿದ್ದಿಲ್ಲ, ಅವನದೇ ಗಲತಿ ಅಂತ ಬರದಾರ. ಹ್ಯಾಂಗ ಮರ್ತ?” ಮುದುಕಿಯ ಪಟದತ್ತ ಕೈ ತೋರಿಸಿದರು. “ನಮ್ಮವ್ವ. ಹ್ವಾದ ಮಳಿಗಾಲದಾಗ ಹೋದಳು. ಸಾಯೋತನಾ ನನಗ ಅದೇ ಅಂದಳ್ರಿ. ‘ನೀ ಬರಾಬರ್ ಕಲಿಸಿದ್ದಿಲ್ಲೇನೋ ಸುಭ್ಯಾ?’ ನಾ ಬಾವಿಗಿ ಇಳಿಯೋದೇ ಬಿಟ್ಟೀನಿ.”

ಚಹಾ ಆರಿತ್ತು. ಕೊಂಡಿಯನ್ನು ಬಿಚ್ಚಿ ಅವರ ಮುಂದಿಟ್ಟೆ. ಅದರ ಮೇಲೆ ಹಳದಿ ಗುರುತಿನ ಅರ್ಧ ಸುತ್ತು ಇನ್ನೂ ಇತ್ತು.

ನಮ್ಮಲ್ಲಿನ ಪದ್ಧತಿಯನ್ನು ಹೇಳಿದೆ. ಹಡಗು ನೀರಿಗಿಳಿದ ಮೇಲೂ, ಕೆಲಸಗಾರರು ಹಗ್ಗ ಕಟ್ಟಿಕೊಳ್ಳಲೆಂದು ಬದಿಗೆ ಇಂಥ ಕೊಂಡಿಗಳನ್ನು ಬೆಸೆದಿರುತ್ತಾರೆ. ಕೊನೆಗೆ ಇವನ್ನು ಕತ್ತರಿಸಿ ಉಜ್ಜಿ ನುಣ್ಣಗೆ ಮಾಡಬೇಕು. ಯಾವುದರ ಬುಡದ ಸುತ್ತ ನಾನು ಹಳದಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತೇನೋ ಅದನ್ನು ಸಂಜೆಯೊಳಗೆ ಕತ್ತರಿಸುತ್ತಾರೆ. ಗೆರೆ ಎಳೆಯುವ ಮುಂಚೆ, ಇದರಲ್ಲಿ ಇನ್ನೂ ಯಾರ ಕೆಲಸವಿದೆ ಎಂದು ಮೇಸ್ತ್ರಿಯನ್ನು ಕೇಳಬೇಕು. ಆ ದಿನ ನಾನು ಕೇಳಲಿಲ್ಲ. ಮರುದಿನ ದೊಡ್ಡವರು ನೋಡಲು ಬರುವವರಿದ್ದರು. ಒಂದೇ ಉಸಿರಿನಲ್ಲಿ ಎಲ್ಲಕ್ಕೂ ಗೆರೆ ಎಳೆದೆ. ಕತ್ತರಿಸಿದ ರಾಶಿಯಿಂದ ಆಮೇಲೆ ನಾನು ಎತ್ತಿಟ್ಟುಕೊಂಡದ್ದು ಈ ಕೊಂಡಿ.

ಮರುದಿನ ಬೆಳಿಗ್ಗೆ ಮಿಲಿಂದ ಉಳಿದಿದ್ದ ಒಂದು ಮೊಳದಷ್ಟು ಬಣ್ಣ ಮುಗಿಸಲು ಹೋದ. ನಾನು ಕೆಳಗೆ ದಡದ ಕಟ್ಟೆಯ ಮೇಲೆ ನಿಂತಿದ್ದೆ. ಹಗ್ಗ ಅವನ ಸೊಂಟದಲ್ಲೇ ಇತ್ತು. ಕೊಂಡಿ ಇದ್ದ ಜಾಗವನ್ನು ಅವನ ಕೈ ಎರಡು ಸಲ ಸವರಿತು. ಹಗ್ಗ ಕಟ್ಟಲು ಅಂಚಿನ ಕಂಬಿಯೂ ಇರಲಿಲ್ಲ, ಮಡಚಿಟ್ಟಿದ್ದರು. ಮೇಲಿನಿಂದ ಯಾರೋ ಬೇಗ, ಬೇಗ ಎಂದು ಕೂಗಿದರು. ಅವನು ಕಾಲಿಟ್ಟ.

“ಕೆಳಗ ನೀರಿತ್ತಲ್ರಿ? ನೀರಿಗಿ ಬಿದ್ದಿದ್ರ ಉಳೀತಿದ್ದ. ಈಜ ಬರ್ತಿತ್ತು ಅವಗ,” ಎಂದರು ಸುಭಾಷ್.

ಚೀಲದ ಮೂಲೆಯಲ್ಲಿದ್ದ ಸೀಮೆಸುಣ್ಣದಿಂದ ನೆಲದ ಕಲ್ಲಿನ ಮೇಲೆ ಎರಡು ಚಿತ್ರ ಬರೆದೆ. ಹಳೆಯ ನಮೂನೆಯ ಹಡಗು ಮೇಲೆ ಅಗಲ, ಕೆಳಗೆ ಕಿರಿದು, ಮೇಲಿನಿಂದ ಬಿದ್ದವನು ನೇರ ನೀರಿಗೆ. ಈ ಹಡಗು ಮೇಲೆ ಕಿರಿದು, ನೀರಿನ ಹತ್ತಿರ ಅಗಲ. ಸುಭಾಷ್ ಬೆರಳಿಟ್ಟು ಎರಡನೆಯ ಗೆರೆಯನ್ನು ಮೇಲಿನಿಂದ ಕೆಳಗಿನವರೆಗೆ ಎಳೆದರು.

“ಕೆಳಗ ಸಣ್ಣ ಆಗಿರೋ ಬಾವಿ ಇದ್ದಂಗ. ಬಿದ್ದಾವ ನೀರು ಮುಟ್ಟಾಕ ಮೊದ್ಲ ಕಲ್ಲಿಗಿ ಬಡೀತಾನ.”

“ಹೌದು. ವಿಚಾರಣೆಯಲ್ಲಿ ನನ್ನನ್ನೂ ಕೇಳಿದರು. ಹಗ್ಗ ಕಟ್ಟಿರಲಿಲ್ಲ ಎಂದಷ್ಟೇ ಹೇಳಿದೆ. ಅದು ಸುಳ್ಳಲ್ಲ. ಕಟ್ಟಲು ಕೊಂಡಿಯೇ ಇರಲಿಲ್ಲ ಎನ್ನುವುದನ್ನು ಹೇಳಲಿಲ್ಲ.”

ಅವರು ಕೊಂಡಿಯನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ಎರಡ್ ವರ್ಷ ಎಲ್ಲಿದ್ರಿ ಸಾಹೇಬ್ರ? ಒಂದ್ ವರ್ಷ ಮೊದ್ಲ ಬಂದಿದ್ರ ನಮ್ಮವ್ವಗ ಹೇಳ್ತಿದ್ದೆ.”

ನೌಕರಿ ಹೋಗುವ ಹೆದರಿಕೆ ಎಂದರೆ ನಿಜವಾಗುತ್ತಿತ್ತು. ಅದನ್ನೂ ಹೇಳಲಿಲ್ಲ.

ಒಳಗಿನಿಂದ ಅವರ ಹೆಂಡತಿ, “ಊಟ ಮಾಡಿ ಹೋಗ್ರಿ ಅಣ್ಣಾರ,” ಎಂದರು. ಜೋಳದ ರೊಟ್ಟಿ, ಪುಂಡಿಪಲ್ಯ. ಒಂದು ರೊಟ್ಟಿಯೂ ಮುಗಿಯಲಿಲ್ಲ. ಸುಭಾಷ್ ತಮ್ಮ ಬೈಕಿನಲ್ಲಿ ನನ್ನನ್ನು ಬಸವಕಲ್ಯಾಣದ ಬಸ್ ನಿಲ್ದಾಣಕ್ಕೆ ಬಿಟ್ಟರು. ನಾನು ಬಸ್ಸು ಹತ್ತುವಾಗ, ಕೊಟ್ಟು ಬಂದೆ ಎಂದುಕೊಂಡಿದ್ದ ಕೊಂಡಿಯನ್ನು ಅವರು ಅಂಗಿಯ ಜೇಬಿನಿಂದ ತೆಗೆದು ನನ್ನ ಕೈಗಿಟ್ಟರು.

“ಇದು ನಮ್ಮನಿಯಾಗ ಇಟ್ರ ಏನ್ ಫಾಯ್ದಾ? ನನಗ ಹೇಳಿದ್ರಿ, ಛಲೋ ಆಯ್ತು. ಆ ಕಾಗದದಾಗ ನಮ್ಮ ಮಿಲಿಂದನ ಗಲತಿ ಹಂಗೇ ಅದ. ಯಾರಿಗಿ ತೋರಸಬೇಕೋ ಅವರಿಗಿ ತೋರಸ್ರಿ.”

ಬಸ್ಸು ಹೊರಟಾಗ ತಿರುಗಿ ನೋಡಿದೆ. ಅವರು ಬೈಕಿನ ಪಕ್ಕದಲ್ಲೇ ನಿಂತಿದ್ದರು. ಕೈ ಎತ್ತಲಿಲ್ಲ.

ಹುಮನಾಬಾದಿನಲ್ಲಿ ರೈಲಿಗೆ ಇನ್ನೂ ಸಮಯವಿತ್ತು. ಎದುರಿನ ಅಂಗಡಿಯಲ್ಲಿ ಬಿಳಿ ಹಾಳೆ, ಪೆನ್ನು ಕೊಂಡು ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಕುಳಿತೆ. ಹೊಲದ ಕಡೆಯಿಂದ ಗಾಳಿ ಬೀಸುತ್ತಿತ್ತು. ಹಾಳೆ ಏಳದಂತೆ ಅದರ ಮೇಲೆ ಕೊಂಡಿಯನ್ನಿಟ್ಟು, ‘ಗೆರೆ ಎಳೆದವನು ನಾನು’ ಎಂದು ಮೊದಲ ಸಾಲು ಬರೆದೆ.