ಉಮಾವತಿಯಮ್ಮನ ಹೊಡೆಯುವ ನಲ್ಲಿ

ಹೆಮ್ಮಾಡಿಯ ಉಮಾವತಿಯಮ್ಮ ಯಾವುದಕ್ಕೂ ಹೆದರುವವರಲ್ಲ ಎಂದು ಊರಲ್ಲಿ ಮಾತಿತ್ತು. ಅದು ಪೂರ್ತಿ ನಿಜವಲ್ಲ. ಹಾವು, ಹೊಳೆಯ ನೆರೆ, ಗುಡುಗು ಯಾವುದೂ ಅವರನ್ನು ಅಲುಗಿಸುತ್ತಿರಲಿಲ್ಲ. ಆದರೆ ಯಾರಾದರೂ ಅವರ ಮನೆಯ ವಸ್ತುವನ್ನು ಬಾಯ್ತುಂಬ ಹೊಗಳಿದರೆ ಎದೆ ಡವಗುಟ್ಟುತ್ತಿತ್ತು. ಎಮ್ಮೆ ಲಾಯ್ಕಿದೆ ಎಂದವರ ಎದುರಿಗೇ, "ಎಂತ ಲಾಯ್ಕ್, ಹಾಲ್ ಕೊಡುದಿಲ್ಲ, ಬರೀ ಒದಿತ್ತ್" ಎಂದು ಎಮ್ಮೆಯ ಮಾನ ಕಳೆದು ಅದರ ಪ್ರಾಣ ಉಳಿಸುತ್ತಿದ್ದರು.

ಇಂಥವರಿಗೆ ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದ ತಮ್ಮ ಭೋಜರಾಜ ಒಂದು ಹೊಸ ಬಚ್ಚಲು ಕಟ್ಟಿಸಿಕೊಟ್ಟ. ಊರಿಗೆ ಕರೆಂಟು ಬಂದು ಆಗಿನ್ನೂ ಎರಡನೆಯ ವರ್ಷ. ಬಚ್ಚಲಿನ ಮೇಲೆ ಸಿಮೆಂಟಿನ ಟಾಂಕಿ, ಗೋಡೆಯುದ್ದಕ್ಕೆ ಕಬ್ಬಿಣದ ಪೈಪು, ಎರಡು ಹಿತ್ತಾಳೆ ನಲ್ಲಿ. ಅದು ಸಾಲದೆ ತನ್ನ ಲಾಡ್ಜಿನಿಂದ ಕಳಚಿ ತಂದ, ಕರೆಂಟಿನಲ್ಲಿ ನೀರು ಕಾಯಿಸುವ ಗೀಸರನ್ನೂ ಗೋಡೆಗೆ ಹಾಕಿಸಿದ. ಇಷ್ಟು ಅವಸರಕ್ಕೆ ಕಾರಣವಿತ್ತು. ಉಮಾವತಿಯಮ್ಮನ ಒಬ್ಬಳೇ ಮಗಳು ರಾಜೀವಿ ಚೊಚ್ಚಲ ಬಸುರಿ. ಹೆರಿಗೆಗೆ ಗುಲ್ವಾಡಿಯ ಗಂಡನ ಮನೆಯಿಂದ ತಾಯಿಮನೆಗೆ ಬರಬೇಕು, ಇಲ್ಲೇ ಬಾಣಂತನವಾಗಬೇಕು. ಮಗಳಿಗೆ ತನ್ನ ಕೈಯಿಂದಲೇ ಬಿಸಿನೀರು ಹೊಯ್ಯಬೇಕೆಂಬುದು ಬಿಟ್ಟರೆ ಉಮಾವತಿಯಮ್ಮನಿಗೆ ಆ ವರ್ಷ ಬೇರೆ ಆಸೆಯೇ ಇರಲಿಲ್ಲ.

ಬಚ್ಚಲು ನೋಡಲು ಮೊದಲು ಬಂದವರು ರಾಜೀವಿಯ ಅತ್ತೆ ಕುಸುಮಾವತಿ. ನಲ್ಲಿ ತಿರುಗಿಸಿದರು, ಗೀಸರಿನ ಹೊಟ್ಟೆ ಸವರಿದರು, ನೆಲದ ಮೇಲೆ ಅಂಗಾಲು ಉಜ್ಜಿ ನೋಡಿದರು.

"ಹೀಂತ ಬಚ್ಚಲ್ ನಾನ್ ಕುಂದಾಪ್ರದಗೂ ಕಂಡಿಲ್ಲೆ, ಉಮಾವತ್ಯಕ್ಕ. ಎಷ್ಟ್ ಚಂದ ಅಂತೆ. ನಮ್ಗೆಲ್ಲ ಇದ್ ಎಲ್ಲಿಂದ."

"ಚಂದ ಎಂತದ್, ಕುಸುಮಕ್ಕ. ನೀರ್ ಸರಿ ಹೋತಿಲ್ಲ, ವಾಸ್ನಿ ಬತ್ತ್" ಎಂದು ಉಮಾವತಿಯಮ್ಮ ಕೂಡಲೇ ತಡೆಯೊಡ್ಡಿದರು. ಆದರೆ ಕುಸುಮಾವತಿ ಹೋಗುವಾಗ ಅಂಗಳದಿಂದ ತಿರುಗಿ ನಿಂತು ಮತ್ತೊಮ್ಮೆ ಹೊಗಳಿದರು. ಆ ದಿನ ಸಂಜೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರೂ ಉಮಾವತಿಯಮ್ಮನ ಮನಸ್ಸು ತಣಿಯಲಿಲ್ಲ.

ಮರುವಾರ ಬಚ್ಚಲಿನ ಹಿಂದೆ ಬಸಳೆ ನೆಡಲು ಆಳು ಮುತ್ತನಿಂದ ಗುಂಡಿ ತೆಗೆಸಿದರು. ಬಚ್ಚಲ ನೀರು ಹರಿಯುವ ಕಡೆ ಬಸಳೆ ಹಾಕದ ಮನೆ ನಮ್ಮ ಕಡೆ ಇಲ್ಲ. ಮುತ್ತನ ಹಾರೆ ಮೆತ್ತಗೆ ಒಳಗೆ ಹೋಯಿತು. ಮೊದಲು ಇದ್ದಿಲು ಬಂತು. ಆಮೇಲೆ ಕಲ್ಲುಪ್ಪು. ಇನ್ನೂ ತೋಡಿದಾಗ ಒಂದು ತಾಮ್ರದ ತಗಡು, ಅದರ ಮೇಲೆ ಮೊಳೆಯಲ್ಲಿ ಗೀಚಿದ ಅಂಕೆಗಳು. ತಗಡಿಗೆ ಬಿಗಿದ ಒಂದು ತಂತಿ ಮಣ್ಣೊಳಗಿಂದ ಎದ್ದು ನೇರ ಮನೆಯ ಗೋಡೆಗೇ ಹೋಗಿತ್ತು.

ಮುತ್ತ ಹಾರೆ ಬಿಟ್ಟು ಹಿಂದೆ ಸರಿದ. "ಅಮ್ಮಾ, ಇದ್ ಮಾಟ."

"ನಂಗೆ ಕಣ್ ಕಾಣ್ತಿಲ್ಯಾ? ಬಾಯ್ ಮುಚ್ಕಣ್. ಈ ಸುದ್ದಿ ಹೊರ್ಗ್ ಹೋದ್ರೆ ನಿಂಗೆ ಈ ಮನಿಯಗೆ ಗಂಜಿ ಇಲ್ಲ."

ಯಾರು ಮಾಡಿಸಿದ್ದು ಎಂದು ಉಮಾವತಿಯಮ್ಮ ಯೋಚಿಸಲೇ ಇಲ್ಲ. ಯೋಚಿಸಬೇಕಾದದ್ದು ಕುಸುಮಾವತಿ ಅಂಗಳದಿಂದ ತಿರುಗಿ ನಿಂತು ಹೊಗಳಿದಾಗಲೇ ಮುಗಿದಿತ್ತು. ಕತ್ತಿ ತಂದು ತಂತಿಯನ್ನು ಒಂದೇ ಏಟಿಗೆ ಕಡಿದು, ಮಾಟಕ್ಕೂ ಮನೆಗೂ ಇದ್ದ ಸಂಬಂಧ ಹರಿದರು. ಇದ್ದಿಲು, ಉಪ್ಪು, ತಗಡು ಎಲ್ಲ ಗೋಣಿಗೆ ತುಂಬಿಸಿ ಹೊಳೆಗೆ ಹಾಕಿಸಿದರು. ಗೋಡೆಯ ಕಡೆ ಉಳಿದ ತುಂಡು ಮನೆಯದ್ದೇ ಅಲ್ಲವೇ, ಅದಕ್ಕೇನೂ ದೋಷವಿಲ್ಲವೆಂದು, ಬಸಳೆ ಚಪ್ಪರದ ಬಿದಿರನ್ನು ಅದರಲ್ಲೇ ಬಿಗಿಯಾಗಿ ಕಟ್ಟಿದರು. ವ್ಯರ್ಥ ಮಾಡುವ ಅಭ್ಯಾಸ ಅವರಿಗಿರಲಿಲ್ಲ.

ನಲ್ಲಿ ಹೊಡೆಯತೊಡಗಿದ್ದು ಆಮೇಲೆ.

ಮೊದಲು ಹೊಡೆದದ್ದು ಅವರಿಗೇ. ಒದ್ದೆ ಕಾಲಲ್ಲಿ ನಿಂತು ನಲ್ಲಿ ಮುಟ್ಟಿದ್ದೇ ತಡ, ಮೊಣಕೈವರೆಗೆ ಜುಮ್ಮೆಂದಿತು. ವಾಯುವಿರಬೇಕು ಎಂದು ಬೆಳ್ಳುಳ್ಳಿ ತಿಂದರು. ಮುತ್ತನಿಗೂ ಹೊಡೆಯಿತು; ಅವನು ಬೆಳ್ಳುಳ್ಳಿಯ ಮಾತೆತ್ತಲಿಲ್ಲ, ಹೊಳೆಯ ಕಡೆ ನೋಡಿದ. ಬಸಳೆ ಕೊಯ್ಯುವಾಗಲೂ ಒಮ್ಮೊಮ್ಮೆ ಬೆರಳು ಚುರುಗುಟ್ಟುತ್ತಿತ್ತು. ಅದನ್ನು ಉಮಾವತಿಯಮ್ಮ ಇರುವೆಯ ಲೆಕ್ಕಕ್ಕೆ ಬರೆದರು.

ರಾಜೀವಿಯನ್ನು ಕರೆತರುವ ದಿನ ನಿಶ್ಚಯಿಸಲು ಕುಸುಮಾವತಿ ಮತ್ತೆ ಬಂದರು. ಕಾಲು ತೊಳೆಯಲು ಬಚ್ಚಲಿಗೆ ಹೋದವರು ಕೂಗಿಕೊಂಡು ಹೊರಗೆ ಬಂದರು. ಮುಖ ಬಿಳಿಚಿತ್ತು.

"ಯಾರೋ ಕೈ ಹಿಡ್ದ್ ಎಳ್ದಂಗ್ ಆಯ್ತ್. ಬಸ್ರಿ ಹೆಂಗ್ಸಿಗೆ ಹೀಂಗ್ ಹೊಡದ್ರೆ ಎಂತ ಗತಿ? ಈ ಬಚ್ಚಲ್ ಸರಿ ಮಾಡ್ಸಿ, ಉಮಾವತ್ಯಕ್ಕ. ಅಲ್ಲಿವರೆಗೆ ನಾನ್ ಸೊಸೆನ್ನ ಕಳ್ಸುದಿಲ್ಲೆ. ಬಾಣಂತನ ನಮ್ಮನಿಯಗೇ ಆಯ್ಲಿ."

ಮಾಡಿಸಿದವರಿಗೇ ಮಾಟ ತಿರುಗಿ ಹೊಡೆಯಿತೆಂದು ಉಮಾವತಿಯಮ್ಮನಿಗೆ ಒಂದು ಗಳಿಗೆ ಸಮಾಧಾನವಾಯಿತು. ಮರುಗಳಿಗೆಯಲ್ಲಿ ಮಗಳು ಕೈತಪ್ಪುತ್ತಿರುವುದು ತಿಳಿಯಿತು.

ಆ ದಿನಗಳಲ್ಲೇ ಭೋಜರಾಜ ಊರಿಗೆ ಬಂದ. ಬೊಂಬಾಯಿಯ ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ ಬಚ್ಚಲಿಗೆ ನಡೆದು ನಲ್ಲಿಯನ್ನು ಹಿಡಿದು ನಿಂತ. ಏನೂ ಆಗಲಿಲ್ಲ.

"ಎಂತದೂ ಇಲ್ಲ ಅಕ್ಕ, ನಿಮ್ದೆಲ್ಲ ಬರೀ ಹೆದ್ರಿಕಿ."

"ಚಪ್ಲಿ ಹಾಯ್ಕಂಡ್ ಬಚ್ಚಲಿಗ್ ಹೋಪುದ್ ಯಾವ್ ಊರಿನ್ ಮರ್ಯಾದಿ ಮಾರಾಯ" ಎಂದು ಉಮಾವತಿಯಮ್ಮ ಬೈದರು. ತಮ್ಮ ನಕ್ಕು ಬೊಂಬಾಯಿಗೆ ಹೊರಟುಹೋದ. ನಲ್ಲಿ ಮಾತ್ರ ಬರಿಗಾಲಿನವರನ್ನು ಹೊಡೆಯುವುದನ್ನು ಬಿಡಲಿಲ್ಲ. ನಲ್ಲಿಗೆ ಮಂತ್ರಿಸಿದ ಲಿಂಬೆಹಣ್ಣು ಕಟ್ಟಿಸಿದರು. ಕಟ್ಟಲು ಹೋದ ಮುತ್ತನಿಗೇ ಹೊಡೆದು ಲಿಂಬೆ ಚರಂಡಿ ಸೇರಿತು.

ಕೊನೆಗೆ ಬೇರೆ ದಾರಿ ಕಾಣದೆ, ವಯರಿಂಗ್ ಮಾಡಿದ್ದ ಶೀನನನ್ನೇ ಕರೆಸಿದರು. ಕುಸುಮಾವತಿಯೂ ಬಂದು ಜಗಲಿಯಲ್ಲಿ ಕುಳಿತರು. ಕಣ್ಣಾರೆ ಕಂಡ ಮೇಲೆಯೇ ತೀರ್ಮಾನ ಎಂದು ಅವರು ಹೇಳಿಯಾಗಿತ್ತು.

ಶೀನ ಗೀಸರಿನ ಸ್ವಿಚ್ಚು ಆರಿಸಿ ಟೆಸ್ಟರನ್ನು ನಲ್ಲಿಗೆ ತಾಗಿಸಿದ. ದೀಪ ಬರಲಿಲ್ಲ. ಸ್ವಿಚ್ಚು ಹಾಕಿ ತಾಗಿಸಿದ. ಟೆಸ್ಟರಿನೊಳಗೆ ಕೆಂಪು ದೀಪ ಹೊತ್ತಿತು. ಪೈಪಿನುದ್ದಕ್ಕೂ ಅದೇ ದೀಪ.

"ಗೀಸರ್ ಹಳೀದ್ ಅಮ್ಮ. ಒಳ್ಗೆ ಕರೆಂಟ್ ಚೂರ್ ಸೋರ್ತಿತ್ತ್, ಪೈಪಿಗ್ ಬತ್ತಿತ್ತ್. ಆರೆ ನಾನ್ ಸುರುವಿಗೇ ಅದ್ ಮಣ್ಣಿಗ್ ಹೋಪುಕೆ ದಾರಿ ಮಾಡಿದ್ದೆ. ನೀವ್ ಕೆರಾಡಿಗೆ ಮದಿಗ್ ಹೋದ ದಿನ ಗುಂಡಿ ತೆಗ್ದ್, ಇದ್ಲ್, ಉಪ್ಪ್, ತಾಮ್ರದ ತಗ್ಡ್ ಎಲ್ಲ ಹಾಕಿ..."

ಉಮಾವತಿಯಮ್ಮನಿಗೆ ಮುಂದಿನದು ಕೇಳಿಸಲಿಲ್ಲ. ಮುತ್ತ ತೆಂಗಿನ ಮರದಲ್ಲಿ ಕಾಯಿ ಎಷ್ಟಿದೆ ಎಂದು ಬಹಳ ಆಸಕ್ತಿಯಿಂದ ನೋಡತೊಡಗಿದ.

ಶೀನ ಗೋಡೆಯಿಂದ ಇಳಿದ ತಂತಿಯನ್ನು ಹಿಡಿದು ಹೋದ. ತಂತಿ ಮಣ್ಣಿಗೆ ಹೋಗಿರಲಿಲ್ಲ. ಬಸಳೆ ಎಲೆಗಳ ನಡುವೆ ಬಿದಿರಿಗೆ ನಾಲ್ಕು ಸುತ್ತು ಸುತ್ತಿ, ಚಂದದ ಗಂಟು ಹಾಕಿಸಿಕೊಂಡು ಕುಳಿತಿತ್ತು.

"ಇದ್ಯಾರ್ ಕಡ್ದದ್ದ್?"

ಕುಸುಮಾವತಿ ಜಗಲಿಯಿಂದ ಇಳಿದು ಬಂದರು. "ಶೀನ ಇವತ್ ಸರಿ ಮಾಡ್ತ. ಕಡ್ದರ್ ನಾಳೆ ಮತ್ತೆ ಕಡದ್ರೆ? ಯಾರ್ ಅಂತ ಗೊತ್ತಾಪೊರಿಗೆ ನಾನ್ ಸೊಸೆನ್ನ ಕಳ್ಸುದಿಲ್ಲೆ."

ನಾಯಿ, ಹೆಗ್ಗಣ, ಕಳ್ಳ, ಮೂರನ್ನೂ ಉಮಾವತಿಯಮ್ಮ ಮನಸ್ಸಿನಲ್ಲೇ ಕರೆದು ನೋಡಿದರು. ಗಂಟು ಹಾಕುವ ಹೆಗ್ಗಣವಿಲ್ಲ. ಸುಳ್ಳು ಹೇಳಿದರೆ ಮಾನ ಉಳಿಯುತ್ತದೆ, ಮಗಳು ಬರುವುದಿಲ್ಲ.

"ನಾನೇ ಕಡ್ದದ್ದ್" ಎಂದರು. "ಮಾಟ ಅಂದ್ಕಂಡ್ ಹೊಳಿಗ್ ಹಾಕ್ಸ್ದೆ. ತಗ್ಡಿನ್ ಮೇಲ್ ಎಂತದೋ ಬರ್ದಿತ್ತಲೆ."

"ಅದ್ ತೂಕ ಅಮ್ಮ. ಅಂಗ್ಡಿಯರ್ ಮೊಳಿ ತಕಂಡ್ ಗೀಚದ್ದ್" ಎಂದ ಶೀನ.

ಕುಸುಮಾವತಿ ಅವನ ಕಡೆ ನೋಡಲೇ ಇಲ್ಲ. "ಯಾರ್ ಮಾಡ್ಸದ್ದ್ ಅಂದ್ಕಂಡ್ರಿ?"

ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ನುಂಗಿ ಪ್ರಯೋಜನವಿಲ್ಲವೆನಿಸಿತು. "ನೀವೇ. ನೀವ್ ಅಷ್ಟ್ ಹೊಗಳ್ಕಾ, ಕುಸುಮಕ್ಕ?"

ಹಟ್ಟಿಯಲ್ಲಿ ಎಮ್ಮೆ ಒಮ್ಮೆ ಕೂಗಿತು. ಕುಸುಮಾವತಿ ಸಾವಕಾಶವಾಗಿ ರವಿಕೆಯ ತೋಳು ಮೇಲೆ ಸರಿಸಿದರು. ರಟ್ಟೆಯಲ್ಲಿ ಹೊಸ ಕರಿನೂಲು ಬಿಗಿದಿತ್ತು.

"ನಲ್ಲಿ ಹೊಡ್ದ ಮರ್ದಿನವೇ ಕಟ್ಸ್ಕಂಡೆ. ನೀವ್ ನಂಗೆ ಎಂತದೋ ಮಾಡ್ಸಿರಿ ಅಂತ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಏನಾದರೂ ಒಳ್ಳೆಯ ಮಾತು ಆಡಬೇಕಿತ್ತು. ಉಮಾವತಿಯಮ್ಮ, "ನೂಲ್ ಲಾಯ್ಕ್ ಇತ್ತ್" ಎಂದರು.

"ಎಂತ ಲಾಯ್ಕ್, ಬಣ್ಣ ಬಿಡ್ತ್" ಎಂದು ಕುಸುಮಾವತಿ ಥಟ್ಟನೆ ತೋಳು ಇಳಿಸಿದರು. ಆಮೇಲೆ ನಗು ಮೊದಲು ಯಾರಿಗೆ ಬಂತೋ ಗೊತ್ತಿಲ್ಲ. ಮುತ್ತ ತೆಂಗಿನ ಮರ ಬಿಟ್ಟು ಈ ಕಡೆ ತಿರುಗಿದ.

ಶೀನ ಗೀಸರಿನ ಒಳಗಿನ ಸರಳು ಬದಲಿಸಿದ, ಹೊಸ ಗುಂಡಿ ತೆಗೆದು ಹೊಸ ತಗಡು ಹೂತ. ಬೇಸಗೆಯಲ್ಲಿ ಆ ಜಾಗ ಒಣಗದಂತೆ ದಿನಾ ಒಂದು ಕೊಡ ನೀರು ಹಾಕಬೇಕೆಂದ. ತುಳಸಿಗೆ ನೀರೆರೆದ ಮೇಲೆ ಉಮಾವತಿಯಮ್ಮ ಅದಕ್ಕೂ ತಪ್ಪದೆ ಎರೆದರು.

ರಾಜೀವಿ ಬಂದಳು. ಗಂಡು ಮಗುವಾಯಿತು. ಬಾಣಂತಿಗೆ ಗೀಸರಿನ ನೀರು ಸುಡುವುದೇ ಇಲ್ಲವೆಂದು ಉಮಾವತಿಯಮ್ಮ ಹಳೆಯ ಹಂಡೆಗೇ ಬೆಂಕಿ ಹಾಕಿಸಿ ತಮ್ಮ ಕೈಯಿಂದಲೇ ನೀರು ಹೊಯ್ದರು.

ಮಗು ನೋಡಲು ಕುಸುಮಾವತಿ ಬಂದರು. ಹಾಲುಂಡು ಗುಂಡಗೆ ಮಲಗಿದ್ದ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು, ಬಹಳ ಹೊತ್ತು ನೋಡಿ, ಕಣ್ಣು ಒರೆಸಿಕೊಂಡು ಹೇಳಿದರು:

"ಎಂತ ಉಮಾವತ್ಯಕ್ಕ, ಮಗು ಒಳ್ಳೆ ಒಣಕ್ಲ್ ಮೀನಿನಂಗ್ ಇತ್ತಲೆ."

"ಹೌದ್, ಕುಸುಮಕ್ಕ" ಎಂದರು ಉಮಾವತಿಯಮ್ಮ, ಮನಸ್ಸು ತುಂಬಿ. "ಮೂಗೂ ಸೊಟ್ಟ."