ಕುರಿ ತುಳಿಯದ ಮೂಲೆ

ನಾನು ಚಿಕ್ಕವನಿದ್ದಾಗ ನಮ್ಮೂರಿನ ಕೆರೆಯ ಒಡ್ಡನ್ನು ತುಳಿದು ಗಟ್ಟಿ ಮಾಡಿದ್ದು ಕುರಿಗಳು. ನಗಬೇಡಿರಿ ಮಕ್ಕಳೇ. ಕಾಲುವೆ ಕೆಲಸ ನಡೆಯುವಲ್ಲಿ ಮೈತುಂಬ ಕಬ್ಬಿಣದ ಗುಬುಟುಗಳಿರುವ ರೋಲರ್ ನೋಡಿದ್ದೀರಲ್ಲ, ಅದಕ್ಕೆ ಇವತ್ತಿಗೂ ಕುರಿಕಾಲಿನ ರೋಲರ್ ಎಂದೇ ಹೆಸರು. ಆ ಕಬ್ಬಿಣದ ಕಾಲುಗಳು ನಮ್ಮ ಕಡೆಗೆ ಬರುವ ಮೊದಲು ನಮ್ಮ ಅಪ್ಪನ ಹಿಂಡಿನ ಕಾಲುಗಳಿದ್ದವು.

ಆಗ ಬಾಗಲಕೋಟೆ ಜಿಲ್ಲೆ ಎಂಬುದು ಇರಲಿಲ್ಲ. ಜಮಖಂಡಿಗೆ ಹೋಗಬೇಕಾದರೆ ಹುನ್ನೂರಿನ ದಾರಿ ಹಿಡಿದು ನಡೆಯಬೇಕಿತ್ತು. ನಮ್ಮೂರಿನ ಪಡುವಣಕ್ಕೆ ಕೆರೆ, ಕೆರೆಗೆ ಮಣ್ಣಿನ ಒಡ್ಡು, ಒಡ್ಡಿನ ಬುಡದಲ್ಲಿ ನಮ್ಮ ಓಣಿ. ಮನೆಯ ಬಾಗಿಲಲ್ಲಿ ನಿಂತು ತಲೆ ಎತ್ತಿದರೆ ಒಡ್ಡಿನ ಹುಲ್ಲು ಕಾಣುತ್ತಿತ್ತು, ನೀರು ಕಾಣುತ್ತಿರಲಿಲ್ಲ. ಕೆರೆ ತುಂಬಿದಾಗ ನೀರು ನಮ್ಮ ಮಾಳಿಗೆಗಿಂತ ಎತ್ತರದಲ್ಲಿ ನಿಂತಿರುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಒಂದು ವರ್ಷದ ಮಳೆಗೆ ತೂಬಿನ ಪಕ್ಕ ಒಡ್ಡು ಕುಸಿಯಿತು. ತೂಬು ಅಂದರೆ ಒಡ್ಡಿನ ಹೊಟ್ಟೆಯೊಳಗಿಂದ ಹೊಲಕ್ಕೆ ನೀರು ಬಿಡುವ ಕಲ್ಲಿನ ದಾರಿ. ಮುಂದಿನ ಬೇಸಿಗೆಯಲ್ಲಿ ಊರೆಲ್ಲ ಸೇರಿ ಕುಸಿದ ಮಣ್ಣು ತೆಗೆದು ಹೊಸದಾಗಿ ತುಂಬಿದರು. ನಡುವೆ ಎರೆಮಣ್ಣು, ಎರಡೂ ಮಗ್ಗುಲಿಗೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು. ಒಂದು ಗೇಣು ದಪ್ಪ ಮಣ್ಣು ಹರವಿ, ನೀರು ಚಿಮುಕಿಸಿದ ಮೇಲೆ ಅಪ್ಪ ಅದರ ಮೇಲೆ ಹಿಂಡನ್ನು ಹಾಯಿಸುತ್ತಿದ್ದ. ಮೊದಲ ಸುತ್ತಿಗೆ ಕುರಿಯ ಗೊರಸು ಪೂರ್ತಿ ಹೂತುಹೋಗುತ್ತಿತ್ತು, ಎರಡನೆಯದಕ್ಕೆ ಅರ್ಧ. ಗೊರಸಿನ ಗುರುತು ರೊಟ್ಟಿಯ ಮೇಲೆ ಬೆರಳು ಒತ್ತಿದಷ್ಟೇ ಕಾಣುವವರೆಗೂ ಅಪ್ಪ ಬಿಡುತ್ತಿರಲಿಲ್ಲ. ಹಸಿ ಮಣ್ಣಿನ ವಾಸನೆಯೂ ಉಣ್ಣೆಯ ವಾಸನೆಯೂ ಕೂಡಿ ಬಿಸಿಲಲ್ಲಿ ಮೂಗಿಗೆ ಏರುತ್ತಿತ್ತು. ಅವ್ವ ಹಿಂದೆ ಹಿಂದೆಯೇ ಬಂದು ಹಿಕ್ಕೆ ಆರಿಸಿ ಬುಟ್ಟಿಗೆ ಹಾಕುತ್ತಿದ್ದಳು. ಒಡ್ಡಿನೊಳಗೆ ಮಣ್ಣು ಬಿಟ್ಟು ಬೇರೇನೂ ಉಳಿಯಬಾರದು.

ಆದರೆ ತೂಬಿನ ಕಲ್ಲಿಗೆ ಹತ್ತಿದ ಮೂಲೆಗೆ ಕುರಿ ಹೋಗುತ್ತಿರಲಿಲ್ಲ. ಗೋಡೆ ಕಂಡರೆ ಕುರಿ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿ ಒಂದೊಂದನ್ನೇ ಹಿಡಿದೆಳೆದು ತುಳಿಸಬೇಕು. ಉಳಿದ ಜಾಗವನ್ನು ಹಿಡಿಕೆ ಹಾಕಿದ ಮರದ ತುಂಡಿನಿಂದ ಕುಟ್ಟಬೇಕು.

ಆ ಕೆಲಸದ ನಡುವೆ ಒಂದು ದಿನ ಬೀಳಗಿಯಲ್ಲಿ ನಂಟರೊಬ್ಬರು ತೀರಿಕೊಂಡರೆಂದು ಅಪ್ಪ ಹೋದ. ಅದೇ ವರ್ಷ ನನ್ನನ್ನು ಶಾಲೆ ಬಿಡಿಸಿದ್ದರು, ಹಿಂಡು ನನ್ನ ಕೈಗೆ ಬಂತು. ದೊಡ್ಡವನಾದೆ ಎಂದು ಎದೆ ಉಬ್ಬಿಸಿಕೊಂಡು ಕೋಲು ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಕುರಿಗಳಿಗೂ ನೀರಡಿಕೆ, ನನಗೂ ನೀರಡಿಕೆ. ಮೂಲೆಯಲ್ಲಿ ನಾಲ್ಕು ಏಟು ಕುಟ್ಟುವಷ್ಟರಲ್ಲಿ ಅಂಗೈಯಲ್ಲಿ ಬೊಕ್ಕೆ ಎದ್ದವು. ಕುಟ್ಟುವುದನ್ನು ಬಿಟ್ಟು ಕಾಲಿನಿಂದ ಮಣ್ಣು ಸರಿಪಡಿಸಿ, ಕುರಿಗಳನ್ನು ಕೆರೆಯಂಗಳದ ಕುಣಿಯಲ್ಲಿ ಉಳಿದಿದ್ದ ನೀರಿಗೆ ಹೊಡೆದುಕೊಂಡು ಹೋದೆ. ಬರುವುದರೊಳಗೆ ಬುಟ್ಟಿ ಹೊರುವವರು ಮೇಲೆ ಮತ್ತೊಂದು ಪದರು ಸುರಿದಿದ್ದರು. ನನ್ನ ತಪ್ಪು ಒಂದು ಗೇಣು ಮಣ್ಣಿನ ಕೆಳಗೆ ಹೋಯಿತು.

ಸಂಜೆ ಅಪ್ಪ ಬಂದವನೇ ಒಡ್ಡಿಗೆ ನಡೆದ.

"ಮೂಲಿ ತುಳಿಸಿದೇನಲೇ?"

"ಹೂಂ ಯಪ್ಪಾ, ಛಲೋತ್ನಂಗ ತುಳಿಸೀನಿ."

ಕೆರೆ ಕಾಯುವ ಮುದುಕ ಅಲ್ಲೇ ಇದ್ದ. ಅವನನ್ನು ಊರೆಲ್ಲ ಕೆರಿ ಮುತ್ಯಾ ಎನ್ನುತ್ತಿತ್ತು. "ತಡಿ, ಒಂದ ಸಲ ಹಾರಿ ಇಳಿಸಿ ನೋಡೂಣು" ಎಂದು ಹಾರೆ ಎತ್ತಿದ. ಗಟ್ಟಿ ಮಣ್ಣಾದರೆ ಹಾರೆ ಇಳಿಯುವುದಿಲ್ಲ, ಸಡಿಲಾದರೆ ಇಳಿದುಬಿಡುತ್ತದೆ. ಅಪ್ಪನ ಮುಖ ಕೆಂಪಾಯಿತು.

"ಮುತ್ಯಾ, ನನ್ನ ಮಗಾ ತುಳಿಸೀನಿ ಅಂದಮ್ಯಾಲ ತುಳಿಸ್ಯಾನ. ಹಾರಿ ಅತ್ಲಾಗ ಇಡು."

ಮುತ್ಯಾ ಇಟ್ಟುಬಿಟ್ಟ. ನಾನು ಕುರಿಗಳನ್ನು ಮನೆಯ ಕಡೆ ಹೊಡೆದುಕೊಂಡು ಹೊರಟೆ.

ಈಗ ಹೇಳುವುದು ಹಸ್ತ ಮಳೆ ಕಳೆದ ಮೇಲಿನ ಒಂದು ದಿನದ ಮಾತು. ಮೂರು ದಿನ ಬಿಡದೆ ಹೊಯ್ದ ಮಳೆಗೆ ಕೆರೆ ತುಂಬಿತ್ತು. ನಾಲ್ಕನೆಯ ದಿನ ಬಿಸಿಲು ಬಿತ್ತು. ಕೆರೆಯ ದೇವಿ ಗಂಗವ್ವನಿಗೆ ಉಡಿ ತುಂಬಲು ಊರಿನ ಹೆಂಗಸರೆಲ್ಲ ಒಡ್ಡಿನ ಮೇಲೆ ಬಂದರು. ಹಸಿರು ಕುಪ್ಪಸ, ಬಳೆ, ಹೋಳಿಗೆಯ ಬುಟ್ಟಿ, ಡೊಳ್ಳಿನ ಸದ್ದು. ಬನಹಟ್ಟಿಯ ಕಡೆ ಕೊಟ್ಟಿದ್ದ ನನ್ನ ಅಕ್ಕ ಹೆರಿಗೆಗೆಂದು ಬಂದಿದ್ದಳು. ಬಾಣಂತಿಯಾದ್ದರಿಂದ ಅವಳು ಹತ್ತು ದಿನದ ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಕೆಳಗೆ ಮನೆಯಲ್ಲೇ ಮಲಗಿದ್ದಳು.

ಎಲ್ಲರೂ ನೀರು ನೋಡುತ್ತಿದ್ದರೆ ಕೆರಿ ಮುತ್ಯಾ ಮಾತ್ರ ಹಿಂದಕ್ಕೆ ತಿರುಗಿ ನಿಂತಿದ್ದ. ಯಾರೋ ಚೇಷ್ಟೆ ಮಾಡಿದರು: "ಯಾಕೋ ಮುತ್ಯಾ, ಕೆರಿ ತುಂಬಿದ್ರೂ ನಿನ್ನ ಮಾರಿ ಒಣಗೇತಲ್ಲ?"

"ನಿಮ್ಮ ಮಾರಿ ನೀರಿನ ಕಡೆ ಐತಿ. ನನ್ನ ಮಾರಿ ನಿಮ್ಮ ಮನಿ ಕಡೆ ಐತಿ" ಎಂದ ಅವನು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮರಿಗಳನ್ನು ಮೇಯಿಸುವ ನೆಪದಲ್ಲಿ ಒಡ್ಡಿನ ಹಿಂಬದಿಗೆ ಇಳಿದೆ. ಕೆಳಗೆ ಡೊಳ್ಳಿನ ಸದ್ದು ಮಂದವಾಗಿ ಕೇಳುತ್ತಿತ್ತು. ತೂಬಿನ ಪಕ್ಕ, ಬುಡದಲ್ಲಿ, ನೆಲ ನೆಂದಿತ್ತು. ಕಾಲಿಟ್ಟರೆ ಒದ್ದೆ ಹಾಸಿಗೆಯಂತೆ ಒಳಗೆ ಹೋಗುತ್ತಿತ್ತು. ಅದರ ನಡುವೆ ಕಿರುಬೆರಳಿನಷ್ಟು ದಪ್ಪದ ನೀರು ಸದ್ದಿಲ್ಲದೆ ಏಳುತ್ತಿತ್ತು, ಕನ್ನಡಿಯಂತೆ ತಿಳಿಯಾಗಿತ್ತು. ಒಡ್ಡು ಎಂದ ಮೇಲೆ ಸ್ವಲ್ಪ ಬೆವರುತ್ತದೆ, ತಿಳಿ ನೀರಿಗೆ ಹೆದರಬೇಕಿಲ್ಲ ಎಂದು ಮುತ್ಯಾ ಹೇಳಿದ್ದು ನೆನಪಾಯಿತು. ಆದರೆ ಜಾಗ ಯಾವುದು ಎಂದು ನನಗೆ ಗೊತ್ತಿತ್ತಲ್ಲ.

ಯಾರಿಗೂ ಕಾಣದಂತೆ ಮಾಡಿಬಿಟ್ಟರೆ ಆಯಿತು ಎನಿಸಿತು. ಎರೆಮಣ್ಣು ಕಲಸಿ ಮುದ್ದೆ ಮಾಡಿ ಆ ಬಾಯಿಗೆ ತುರುಕಿದೆ, ಮೇಲೆ ಒಂದು ಕಲ್ಲು ಇಟ್ಟು ಕುಳಿತೆ. ನೀರು ನಿಂತಿತು. ಉಸಿರು ಬಿಟ್ಟೆ. ಅಷ್ಟರಲ್ಲಿ ಕೂತಲ್ಲಿಯೇ ತೊಡೆಯ ಕೆಳಗೆ ನೆಲ ನಡುಗಿದಂತಾಯಿತು. ಎರಡು ಮೊಳ ಆಚೆ ಮಣ್ಣು ಹುಣ್ಣಿನ ಹಾಗೆ ಉಬ್ಬಿ ಒಡೆಯಿತು. ಈ ಸಲ ಬಂದದ್ದು ತಿಳಿ ನೀರಲ್ಲ. ಕರೀ ರಾಡಿ. ಒಡ್ಡಿನ ಹೊಟ್ಟೆಯೊಳಗಿನ ಎರೆ ನನ್ನ ಕಣ್ಣೆದುರಿಗೇ ಹೊರಗೆ ಹರಿದು ಬರುತ್ತಿತ್ತು.

ಒಡ್ಡು ಹತ್ತಿ ಓಡಿದೆ. "ಯಪ್ಪಾ, ನೀರ ಬರಾಕತ್ತೈತಿ! ತೂಬಿನ ಮಗ್ಗಲಕ!"

ಡೊಳ್ಳು ನಿಂತಿತು. ಅಪ್ಪ ಕದಲಲಿಲ್ಲ. "ಅಲ್ಲಿ ಬರೂದಿಲ್ಲ. ಅದು ನಮ್ಮ ಕುರಿ ತುಳಿದ ಮಣ್ಣ. ಕಲ್ಲಿನ ಸಂದ್ಯಾಗಿಂದ ಒಂದೀಟು ಜಿನುಗಿರಬೇಕು."

"ಮರಿ ಉಚ್ಚಿ ಹೊಯ್ದಿದ್ದು ನೋಡಿ ಹೆದರ್ಯಾನ ಹುಡುಗ" ಎಂದರು ಯಾರೋ. ಮತ್ತೆ ನಗು. ಅಪ್ಪನ ಮಾತೆಂದರೆ ಊರಿಗೆ ಅಷ್ಟು ನಂಬಿಕೆ. ಯಾರೂ ಕೆಳಗಿಳಿಯಲಿಲ್ಲ. ಡೊಳ್ಳಿನವನು ಮತ್ತೆ ಕೋಲು ಎತ್ತಿದ. ನನಗೆ ಕಂಡದ್ದು ಕೆಳಗೆ ನಮ್ಮ ಮನೆಯ ಮಾಳಿಗೆ, ಅದರ ಬೆಳಕಿಂಡಿಯಿಂದ ಏಳುತ್ತಿದ್ದ ಹೊಗೆ. ಅಕ್ಕ ಎದ್ದು ಒಲೆ ಹಚ್ಚಿದ್ದಳು.

ಮುತ್ಯಾ ಮಾತ್ರ ನನ್ನ ಭುಜ ಹಿಡಿದು ಕೇಳಿದ: "ತಿಳಿ ಐತೋ, ರಾಡಿ ಐತೋ?"

ಎರಡೂ ಕೈ ಚಾಚಿದೆ. ಮೊಣಕೈವರೆಗೆ ಕಪ್ಪಾಗಿದ್ದವು. ಅಪ್ಪನ ಕಡೆ ತಿರುಗಿ ಹೇಳಿದೆ: "ಯಪ್ಪಾ, ನಾ ಅಲ್ಲಿ ತುಳಿಸಿಲ್ಲ. ಸುಳ್ಳ ಹೇಳೀನಿ."

ಅಪ್ಪ ನನ್ನನ್ನು ನೋಡಿದ. ಇಡೀ ಊರು ಅಪ್ಪನನ್ನು ನೋಡಿತು. ಹೊಡೆಯುತ್ತಾನೆ ಎಂದು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಅಪ್ಪ ಹೆಗಲ ಮೇಲಿನ ಕಂಬಳಿ ಕೈಗೆ ತೆಗೆದುಕೊಂಡು ಇಳಿಜಾರಿನಲ್ಲಿ ಓಡುತ್ತಿದ್ದ.

ಮುತ್ಯಾ ನನ್ನನ್ನು ಎಳೆದುಕೊಂಡೇ ಕೆಳಗಿಳಿದ. "ಎಷ್ಟ ಅಗಲ ಸಡಲ ಐತಿ? ಎಷ್ಟ ಎತ್ತರದಾಗ? ಖರೆ ಹೇಳು." ಅದು ಗೊತ್ತಿದ್ದವನು ಜಗತ್ತಿನಲ್ಲಿ ನಾನೊಬ್ಬನೇ. ತೂಬಿನ ಕಲ್ಲಿನಿಂದ ಹಿಡಿದು ಎರಡು ಮಾರು ಅಗಲ, ನನ್ನ ಎದೆಮಟ್ಟದಲ್ಲಿ ಎಂದು ತೋರಿಸಿದೆ. ಅಷ್ಟರಲ್ಲಿ ಹುಡುಗರು ಎರೆಮಣ್ಣಿನ ಬುಟ್ಟಿ ಹೊತ್ತು ತಂದರು, ನಾನು ಮಾಡಿದ್ದ ತಪ್ಪನ್ನೇ ಮಾಡಲು.

"ಎರಿ ಹಾಕಬ್ಯಾಡ್ರಿ!" ಮುತ್ಯಾ ಕೂಗಿದ. "ಬಾಯಿ ಕಟ್ಟಿದ್ರ ಬ್ಯಾರೆ ಕಡೆ ಬಾಯಿ ತಗೀತೈತಿ. ನೀರ ಹೋಗ್ಲಿ ಬಿಡ್ರಿ, ಮಣ್ಣ ಹೋಗಬಾರದು. ಉಸುಕು ತರ್ರಿ, ಗರಸು ತರ್ರಿ, ಕಂಬಳಿ ತರ್ರಿ!"

ಅಪ್ಪ ತನ್ನ ಕಂಬಳಿಯನ್ನು ರಾಡಿಯ ಬಾಯಿಯ ಮೇಲೆ ಹಾಸಿದ. ಅದರ ಮೇಲೆ ಉಸುಕು, ಉಸುಕಿನ ಮೇಲೆ ಗರಸು, ಗರಸಿನ ಮೇಲೆ ಕಲ್ಲು. ಉಣ್ಣೆಯ ಎಳೆಗಳ ನಡುವೆ ನೀರು ಸೋಸಿ ಬರುತ್ತದೆ, ಮಣ್ಣು ಒಳಗೇ ನಿಲ್ಲುತ್ತದೆ. ಆದರೆ ಒಂದು ಕಂಬಳಿಗೆ ಅದು ನಿಲ್ಲಲಿಲ್ಲ. ಅಂಚಿನಲ್ಲಿ ಮತ್ತೆ ರಾಡಿ ಎದ್ದಿತು. ಓಣಿಯ ಒಂದೊಂದು ಮನೆಯಿಂದಲೂ ಕಂಬಳಿ ಬಂದವು. ಕೆಲವರು ತೂಬಿನ ಬಾಗಿಲು ಪೂರ್ತಿ ಎತ್ತಿದರು, ಕೆಲವರು ಕೋಡಿಯನ್ನು ಅಗೆದು ಹಳ್ಳಕ್ಕೆ ನೀರು ಬಿಟ್ಟರು. ಅವ್ವ ಓಣಿಯ ಬಾಗಿಲು ಬಾಗಿಲಿಗೂ ಹೋಗಿ ಕೂಗಿದಳು. ಅಕ್ಕ ಕೂಸನ್ನು ಎದೆಗೆ ಅವಚಿಕೊಂಡು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿಹೋಗಿದ್ದರೂ ಲೆಕ್ಕಿಸದೆ, ದಿಬ್ಬದ ಮೇಲಿನ ಬೀರಪ್ಪನ ಗುಡಿಯ ಕಡೆ ಬರಿಗಾಲಲ್ಲಿ ಹತ್ತುತ್ತಿದ್ದಳು. ನನ್ನ ಪಕ್ಕ ಹಾದುಹೋಗುವಾಗ, "ತಮ್ಮಾ, ನೀನೂ ಬಾರೋ" ಎಂದು ಕರೆದಳು. ನಾನು ಹೋಗಲಿಲ್ಲ. ಉಸುಕು ಹೊತ್ತೆ.

ಹೊತ್ತು ಇಳಿಯುವವರೆಗೂ ಹೊತ್ತೆವು. ನೀರು ಕಪ್ಪಿನಿಂದ ಕಂದು ಬಣ್ಣಕ್ಕೆ ತಿರುಗಿತು, ಕಂದಿನಿಂದ ಚಹಾದ ಬಣ್ಣಕ್ಕೆ ಬಂತು. ಕೊನೆಗೆ ಮುತ್ಯಾ ಬೊಗಸೆಯಲ್ಲಿ ಹಿಡಿದು ತನ್ನ ಅಂಗೈಯ ಗೆರೆ ಕಾಣುತ್ತವೆಯೇ ನೋಡಿದ. ಕಾಣುತ್ತಿದ್ದವು. ಅವನು ಅಲ್ಲೇ ನೆಲಕ್ಕೆ ಕೂತುಬಿಟ್ಟ.

ಒಂದು ಜೀವವೂ ಹೋಗಲಿಲ್ಲ. ಆದರೆ ಹಿಂಗಾರಿ ಜೋಳಕ್ಕೆಂದು ನಿಂತಿದ್ದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಳ್ಳ ಸೇರಿತ್ತು. ಆ ವರ್ಷ ಕೆರೆಯ ಕೆಳಗಿನ ಹೊಲಗಳಲ್ಲಿ ತೆನೆ ಸಣ್ಣದಾಗಿಯೇ ಉಳಿಯಿತು. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಆ ಮೂಲೆಯನ್ನು ಬಿಚ್ಚಿದರು. ನಾನು ತೋರಿಸಿದ ಎತ್ತರದಲ್ಲೇ, ಕಲ್ಲಿಗೆ ಹತ್ತಿ, ಒಂದು ತೂತು ಒಡ್ಡಿನೊಳಕ್ಕೆ ಹೋಗಿತ್ತು. "ಕೈ ಹಾಕು" ಎಂದ ಅಪ್ಪ. ಹಾಕಿದೆ. ಭುಜದವರೆಗೂ ಹೋಯಿತು, ತುದಿ ಸಿಗಲಿಲ್ಲ. ಒಳಗೆ ತಣ್ಣಗೆ, ಗಡಿಗೆಯ ಒಳಮೈಯಂತೆ ನುಣ್ಣಗೆ ಇತ್ತು. ನೀರು ಅದನ್ನು ಅಷ್ಟು ನಾಜೂಕಾಗಿ ಕೊರೆದಿತ್ತು.

"ಇನ್ನ ಎಷ್ಟ ಹೊತ್ತ ತಡೀತಿತ್ತು ಮುತ್ಯಾ?" ಅಪ್ಪ ಕೇಳಿದ.

"ಒಂದು ತಾಸ. ಬಾಳ ಆದ್ರ."

ಮನೆಗೆ ಬರುವ ದಾರಿಯಲ್ಲಿ ಅಪ್ಪ ಆ ವಿಷಯವಾಗಿ ಒಂದೇ ಒಂದು ಸಲ ಮಾತಾಡಿದ. "ನೀ ಹುಡುಗ ಇದ್ದಿ, ಸುಳ್ಳ ಹೇಳಿದಿ. ನಾ ದೊಡ್ಡಾಂವ ಇದ್ದು ಹಾರಿ ಇಳಿಸಗೊಡಲಿಲ್ಲ. ಅದಕ್ಕ ನನಗ ನಿದ್ದಿ ಬರವಲ್ದು."

ಆಮೇಲೆ ನಾನು ಮಣ್ಣಿನ ಕೆಲಸಕ್ಕೇ ಇಳಿದೆ. ಮುಧೋಳದ ಕಡೆ, ರನ್ನ ಬೆಳಗಲಿಯ ಕಡೆ, ಕಾಲುವೆ ಏರಿಗಳು, ಕೆರೆಯ ಒಡ್ಡುಗಳು. ಶಾಲೆ ಬಿಟ್ಟವನು ನಾನು, ಸಹಿ ಬಿಟ್ಟರೆ ಹೆಚ್ಚು ಬರೆಯಲು ಕಲಿತದ್ದು ವಯಸ್ಸಾದ ಮೇಲೆ. ಆದರೆ ನನ್ನ ಕೈಕೆಳಗೆ ಒಂದು ಪದರನ್ನೂ ನೋಡದೆ ಮುಚ್ಚಲು ಬಿಟ್ಟಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ದೊಡ್ಡ ದೊಡ್ಡ ಸಾಹೇಬರ ಎದುರಿಗೂ "ತಗೀರಿ ಆ ಮಣ್ಣು" ಎಂದವನು ನಾನು.

ನಿಮ್ಮ ಲೋಕ ಬೇರೆ. ಕೃಷ್ಣೆಯ ಹಿನ್ನೀರು ಬೀಳಗಿಯ ಹೊಲಗಳವರೆಗೆ ಬಂದು ನಿಂತಿದೆ. ನೀವು ನಲ್ಲಿ ತಿರುಗಿಸುತ್ತೀರಿ, ನೀರು ಬರುತ್ತದೆ. ಯಾವ ಮಣ್ಣು ಅದನ್ನು ಎಲ್ಲಿ ಹಿಡಿದು ನಿಲ್ಲಿಸಿದೆ ಎಂದು ನೀವು ಕೇಳುವುದಿಲ್ಲ, ನಿಮಗೆ ಯಾರೂ ಹೇಳುವುದೂ ಇಲ್ಲ. ಎರಡು ವರ್ಷದ ಹಿಂದೆ ನಿಮ್ಮ ಶಾಲೆಯ ಮೇಲ್ಗಡೆ ಹೊಸ ಒಡ್ಡು ಕಟ್ಟುವಾಗ ನಾನು ನೋಡಲು ಹೋಗಿದ್ದೆ. ಅಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಹುಡುಗ ಒಳ್ಳೆಯವನೇ. ಪದರು ಪದರಿಗೂ ಪರೀಕ್ಷೆ ಮಾಡಿದ್ದೇವೆ ಎಂದು ರಿಜಿಸ್ಟರ್ ತೋರಿಸಿದ. ಒಂದು ತಿಂಗಳ ಕೆಲಸಕ್ಕೆಲ್ಲ ಒಂದೇ ಪೆನ್ನು, ಒಂದೇ ಹದದ ಅಕ್ಷರ, ಒಂದು ಪುಟಕ್ಕೂ ಮಣ್ಣಿನ ಕಲೆ ಇಲ್ಲ.

"ತಮ್ಮಾ, ಇದನ್ನ ನಿಂತ ನೋಡಿ ಬರದಿಯೋ, ಕುಂತ ಬರದಿಯೋ?" ಎಂದು ಕೇಳಿದೆ.

ಅವನು ನಕ್ಕ. "ಎಲ್ಲಾ ಕರೆಕ್ಟ್ ಐತ್ರಿ ಅಜ್ಜಾರ. ಬಿಸಿಲೈತಿ, ನೆಳ್ಳಾಗ ಕುಂಡ್ರಿ ಬರ್ರಿ."

ಅವನ ಮಾತು ಖರೆ ಇರಬಹುದು. ಖರೆಯೇ ಇರಲಿ.

ನಿನ್ನೆ ನೀವು ಆ ಒಡ್ಡಿನ ಎದುರು ನಿಂತು ತೆಗೆಸಿಕೊಂಡ ಫೋಟೋವನ್ನು ಮೊಬೈಲಿನಲ್ಲಿ ನನಗೆ ತೋರಿಸಿದಿರಿ. ನಿಮ್ಮ ಹಲ್ಲುಗಳು ಚೆನ್ನಾಗಿ ಬಂದಿವೆ. ಈಗ ಸಂಕ್ರಾಂತಿ ಕಳೆದು ತಿಂಗಳಾಯಿತು, ಇಳಿಜಾರಿನ ಹುಲ್ಲೆಲ್ಲ ಒಣಗಿ ಬೆಳ್ಳಗಾಗಿದೆ. ನಿಮ್ಮ ಬೆನ್ನ ಹಿಂದೆ, ಬುಡದಲ್ಲಿ, ಎರಡು ಮಂಚ ಹಾಕುವಷ್ಟು ಜಾಗದಲ್ಲಿ ಮಾತ್ರ ಅದು ಹಚ್ಚಗೆ ಚಿಗುರಿದೆ. ನಾಳೆ ನೀವು ಶಾಲೆಗೆ ಹೊರಟಾಗ ನಾನೂ ಬರುತ್ತೇನೆ. ಆ ಹುಲ್ಲಿನ ಬುಡದ ಮಣ್ಣು ಒದ್ದೆಯಿದೆಯೇ ಎಂದು ಮುಟ್ಟಿ ನೋಡಬೇಕು. ನೀವೂ ಮುಟ್ಟಿ ನೋಡಬೇಕು.